ಶ್ರುತಿ ಹಿಡಿದವರ ಸಿನಿಮಾ ದಾರಿ

ಸೊಲ್ಲಾಪುರದಿಂದ ಹೈದರಾಬಾದಿಗೆ ಹೋಗುವ ಹೆದ್ದಾರಿಯಲ್ಲಿ ಉಮರ್ಗಾ ದಾಟಿದರೆ ಹೆಚ್ಚು ಹೊತ್ತಾಗದೆ ಕರ್ನಾಟಕದ ಗಡಿ. ಮುಂದೆ ಬಸವಕಲ್ಯಾಣದ ಕ್ರಾಸು, ಅದರಾಚೆ ಹುಮನಾಬಾದ್. ಉದಗೀರದಲ್ಲಿ ರೈಲು ಹತ್ತಿದರೆ ಕಮಲನಗರ, ಭಾಲ್ಕಿ, ಬೀದರ್. ನಿಲಂಗಾ ಮತ್ತು ಉದಗೀರ ತಾಲ್ಲೂಕುಗಳು 1956ರ ರಾಜ್ಯ ಪುನರ್ವಿಂಗಡಣೆಯವರೆಗೂ ಬೀದರ್ ಜಿಲ್ಲೆಗೇ ಸೇರಿದ್ದವು. ಆಮೇಲೆ ಅವು ಉಸ್ಮಾನಾಬಾದಿಗೆ ಹೋದವು. 1982ರಲ್ಲಿ ಲಾತೂರ ಜಿಲ್ಲೆಯಾದಾಗ ಅಲ್ಲಿಗೆ ಸೇರಿದವು. ಜಿಲ್ಲೆ ಬದಲಾಯಿತು, ರಾಜ್ಯ ಬದಲಾಯಿತು, ಕಚೇರಿಯ ಭಾಷೆ ಉರ್ದುವಿನಿಂದ ಮರಾಠಿಗೆ ಹೊರಳಿತು. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಸಂತೆಯಲ್ಲಿ ದಖನಿ ಆಡುವ ಜನ ಮಾತ್ರ ಇದ್ದಲ್ಲೇ ಇದ್ದಾರೆ.

ಇಂಥ ಮನೆಯ ಹುಡುಗಿಯೊಬ್ಬಳು ‘ನಾನು ಹಾಡು ಕಲಿಯುತ್ತೇನೆ, ನಾಟಕ ಮಾಡುತ್ತೇನೆ, ಮುಂದೆ ಸಿನಿಮಾನೂ ಮಾಡುತ್ತೇನೆ’ ಎಂದರೆ ಹಿರಿಯರು ಏನು ಹೇಳುತ್ತಾರೆ ಎಂದು ಊಹಿಸುವುದು ಕಷ್ಟವಲ್ಲ. ಎರಡು ದೋಣಿಯಲ್ಲಿ ಕಾಲಿಡಬಾರದು, ಇವಳು ಮೂರರಲ್ಲಿ ಇಡಲು ಹೊರಟಿದ್ದಾಳೆ ಎನ್ನುತ್ತಾರೆ. ಕಾಳಜಿಯಿಂದಲೇ ಹೇಳುವ ಮಾತು ಅದು. ಆದರೆ ಕನ್ನಡ ಮತ್ತು ಮರಾಠಿ ರಂಗಭೂಮಿಯ ಇತಿಹಾಸ ಬೇರೆಯದನ್ನೇ ಹೇಳುತ್ತದೆ. ನಮ್ಮ ಕಡೆ ಹಾಡು, ನಟನೆ, ನಿರ್ದೇಶನ ಮೊದಲಿನಿಂದಲೂ ಒಂದೇ ಕಸುಬಿನ ಮೂರು ಕೆಲಸಗಳಾಗಿದ್ದವು. ಹಾಡುವವನ ಕೈಯಲ್ಲೇ ಇಡೀ ಆಟದ ಲಗಾಮು ಇರುತ್ತಿತ್ತು. ಹಾಗಾಗಿ ಹಾಡುಗಾರರು ನಟರಾಗಿ ಮುಂದೆ ಚಿತ್ರ ಮಾಡಿದ್ದರಲ್ಲಿ ಆಶ್ಚರ್ಯಪಡುವಂಥದ್ದೇನೂ ಇಲ್ಲ. ಆ ದಾರಿ ಹೇಗೆ ಸಾಗಿತು, ಗಡಿ ನಾಡು ಅದರಿಂದ ಏನನ್ನು ತೆಗೆದುಕೊಳ್ಳಬಹುದು ಎಂದು ನೋಡೋಣ.

ಭಾಗವತರೇ ಒಂದನೇ ವೇಷ

ಯುರೋಪಿನಲ್ಲಿ 1600ರ ಆಸುಪಾಸಿನಲ್ಲಿ ಇಟಲಿಯ ಫ್ಲಾರೆನ್ಸ್ ನಗರದ ಕೆಲವು ವಿದ್ವಾಂಸರು, ಸಂಗೀತಗಾರರು ಸೇರಿ ಹಳೆಯ ಗ್ರೀಕ್ ನಾಟಕವನ್ನು ಹಾಡಿನಲ್ಲಿ ಮತ್ತೆ ಕಟ್ಟಲು ಹೊರಟರು. ಅಲ್ಲಿಂದ ಹುಟ್ಟಿದ್ದು ಒಪೆರಾ. 1607ರಲ್ಲಿ ಮಾಂಟೆವರ್ಡಿಯ ‘ಓರ್ಫಿಯೋ’ ಮಾಂಟುವಾ ನಗರದಲ್ಲಿ ರಂಗಕ್ಕೆ ಬಂತು. ಕಥೆಯನ್ನು ಮಾತಿನ ಬದಲು ಹಾಡಿನಲ್ಲೇ ನಡೆಸುವುದು ಅದರ ಮೂಲ ಗುಣ. ಇದು ನಮ್ಮವರಿಗೆ ಹೊಸದಲ್ಲ. ಯಕ್ಷಗಾನ, ದೊಡ್ಡಾಟ, ಸಣ್ಣಾಟ, ಶ್ರೀಕೃಷ್ಣ ಪಾರಿಜಾತ ಎಲ್ಲವೂ ಹಾಡಿನ ಬೆನ್ನೇರಿ ನಡೆಯುವ ಕಥೆಗಳೇ.

ಒಂದು ವ್ಯತ್ಯಾಸ ಮಾತ್ರ ಮುಖ್ಯವಾದದ್ದು. ಒಪೆರಾದಲ್ಲಿ ಪಾತ್ರಧಾರಿ ಹಾಡುತ್ತಾನೆ, ಎದುರಿಗೆ ವಾದ್ಯವೃಂದ ನಡೆಸುವವನು ಬೇರೆ ಇರುತ್ತಾನೆ. ಯಕ್ಷಗಾನದಲ್ಲಿ ಹಾಡುವ ಭಾಗವತರೇ ಆಟವನ್ನು ನಡೆಸುತ್ತಾರೆ. ಯಾವ ಪದವನ್ನು ಎಳೆಯಬೇಕು, ಯಾವುದನ್ನು ಬಿಡಬೇಕು, ಯಾವ ವೇಷಕ್ಕೆ ಇನ್ನಷ್ಟು ಕುಣಿಯಲು ಅವಕಾಶ ಕೊಡಬೇಕು, ಬೆಳಗಾಗುವುದರೊಳಗೆ ಕಥೆಯನ್ನು ಎಲ್ಲಿಗೆ ಮುಟ್ಟಿಸಬೇಕು, ಎಲ್ಲವೂ ಅವರ ಜಾಗಟೆಯ ಪೆಟ್ಟಿನಲ್ಲಿ ತೀರ್ಮಾನವಾಗುತ್ತದೆ. ‘ಭಾಗವತರೇ ಒಂದನೇ ವೇಷ’ ಎಂದು ಮೇಳದವರು ಹೇಳುವುದು ಇದಕ್ಕೇ. ಇಂದು ಸಿನಿಮಾ ನಿರ್ದೇಶಕ ಮಾಡುವ ಕೆಲಸವನ್ನು ಅವರು ಕೂತಲ್ಲೇ ಹಾಡುತ್ತ ಮಾಡುತ್ತಾರೆ.

ಈ ಪದ್ಧತಿ ಕನ್ನಡದಿಂದ ಮರಾಠಿಗೆ ನಡೆದುಹೋಯಿತು. 1842ರಲ್ಲಿ ಹೊನ್ನಾವರದ ಬಳಿಯ ಕರ್ಕಿಯ ಯಕ್ಷಗಾನ ಮೇಳ ಸಾಂಗ್ಲಿಯ ಪಟವರ್ಧನ ಅರಸರ ಎದುರು ಆಟ ಆಡಿತು. ಅದನ್ನು ನೋಡಿದ ಅರಸರು ಇಂಥದ್ದನ್ನು ಮರಾಠಿಯಲ್ಲಿ ಮಾಡು ಎಂದು ತಮ್ಮ ಆಶ್ರಯದಲ್ಲಿದ್ದ ವಿಷ್ಣುದಾಸ ಭಾವೆಯವರಿಗೆ ಹೇಳಿದರು. 1843ರಲ್ಲಿ ‘ಸೀತಾ ಸ್ವಯಂವರ’ ರಂಗಕ್ಕೆ ಬಂತು. ಮರಾಠಿ ರಂಗಭೂಮಿ ತನ್ನ ಹುಟ್ಟನ್ನು ಎಣಿಸುವುದು ಆ ಆಟದಿಂದ. ಭಾವೆಯವರ ಆಟಗಳಲ್ಲಿಯೂ ಪದಗಳನ್ನೆಲ್ಲ ಸೂತ್ರಧಾರನೇ ಹಾಡುತ್ತಿದ್ದ, ಪಾತ್ರಧಾರಿಗಳು ಮಾತು ಕಟ್ಟುತ್ತಿದ್ದರು. ಭಾಗವತರ ಲಗಾಮು ಅಲ್ಲಿ ಹಾಗೇ ಉಳಿದಿತ್ತು.

ಅದನ್ನು ಬದಲಿಸಿದವರು ಬೆಳಗಾವಿ ಜಿಲ್ಲೆಯ ಗುರ್ಲಹೊಸೂರಿನಲ್ಲಿ 1843ರಲ್ಲಿ ಹುಟ್ಟಿದ ಬಲವಂತ ಪಾಂಡುರಂಗ ಕಿರ್ಲೋಸ್ಕರ್, ಎಲ್ಲರ ಬಾಯಲ್ಲಿ ಅಣ್ಣಾಸಾಹೇಬ ಕಿರ್ಲೋಸ್ಕರ್. 1880ರ ಅಕ್ಟೋಬರ್ 31ರಂದು ಪುಣೆಯಲ್ಲಿ ಅವರ ‘ಶಾಕುಂತಲ’ ಆಡಿದಾಗ ದುಷ್ಯಂತನ ಹಾಡನ್ನು ದುಷ್ಯಂತನೇ ಹಾಡಿದ, ಶಕುಂತಲೆಯ ಹಾಡನ್ನು ಶಕುಂತಲೆಯೇ ಹಾಡಿದಳು. ಸೂತ್ರಧಾರನ ಗಂಟಲಲ್ಲಿದ್ದ ಸಂಗೀತ ಪಾತ್ರಗಳಿಗೆ ಹಂಚಿಹೋಯಿತು. ಅಂದಿನಿಂದ ಒಳ್ಳೆಯ ನಟನಾಗಬೇಕಾದರೆ ಒಳ್ಳೆಯ ಗವಾಯಿಯೂ ಆಗಬೇಕಾಯಿತು. ಸಂಗೀತ ನಾಟಕ ಎಂಬ ಈ ಪ್ರಕಾರ ಮತ್ತೆ ದಕ್ಷಿಣಕ್ಕೆ ಹೊರಳಿ ಹುಬ್ಬಳ್ಳಿ, ಧಾರವಾಡ, ಗದಗಿನ ಕನ್ನಡ ಕಂಪನಿಗಳನ್ನು ಎಬ್ಬಿಸಿತು. ಕರ್ಕಿಯಿಂದ ಸಾಂಗ್ಲಿಗೆ ಹೋದ ಸಾಲ ಬಡ್ಡಿ ಸಮೇತ ವಾಪಸು ಬಂತು.

ಪೇಟಿ ಮಾಸ್ತರರ ಎದುರು

ಕಂಪನಿ ನಾಟಕ ಎಂದರೆ ನಮಗೀಗ ಸೀನರಿ, ಝಗಮಗ, ಹಾಸ್ಯ ನೆನಪಾಗುತ್ತದೆ. ನಿಜವಾಗಿ ಅದೊಂದು ಕಠಿಣ ಶಾಲೆ. ಅಲ್ಲಿ ಏನು ಕಲಿಸುತ್ತಿದ್ದರು ಎಂಬುದನ್ನು ಹತ್ತಿರದಿಂದ ನೋಡಬೇಕು.

ಮೈಕು ಇಲ್ಲದ ಕಾಲ. ತಗಡು ಹೊದಿಸಿದ ಥಿಯೇಟರಿನ ಕಟ್ಟಕಡೆಯ ಸಾಲಿಗೂ ದನಿ ಮುಟ್ಟಬೇಕು. ಅದಕ್ಕೆ ಎತ್ತರದ ಶ್ರುತಿ ಬೇಕಿತ್ತು. ಗಂಡಸರೂ ಪೇಟಿಯ, ಅಂದರೆ ಹಾರ್ಮೋನಿಯಮ್ಮಿನ, ಕರಿ ನಾಲ್ಕು, ಕರಿ ಐದರಲ್ಲಿ ಹಾಡುತ್ತಿದ್ದರು. ರಂಗದ ಮುಂದೆ ಕಾಲು ಪೇಟಿಯ ಹಿಂದೆ ಪೇಟಿ ಮಾಸ್ತರರು, ಅವರ ಪಕ್ಕಕ್ಕೆ ತಬಲಾದವರು. ಪಾತ್ರಧಾರಿ ಮಾತಾಡುತ್ತ ಮಾತಾಡುತ್ತ ಕೊನೆಯ ಪದವನ್ನು ಹಾಡಿನ ಸ್ವರಕ್ಕೆ ತಂದು ನಿಲ್ಲಿಸಬೇಕು. ಅಲ್ಲಿಂದ ಮಾಸ್ತರರು ಎತ್ತಿಕೊಳ್ಳುತ್ತಾರೆ. ಮಾತು ಶ್ರುತಿಗೆ ಬಾರದೆ ನಿಂತರೆ ಹಾಡು ಕುಂಟುತ್ತದೆ, ಕುರ್ಚಿಯ ಜನ ಕೂಡಲೇ ಗುರುತಿಸುತ್ತಾರೆ. ಹಾಡು ಮುಗಿದ ಮೇಲೆ ಅದೇ ಭಾವದಲ್ಲಿ ಮತ್ತೆ ಮಾತಿಗೆ ಇಳಿಯಬೇಕು. ನಡುವೆ ‘ವನ್ಸ್ ಮೋರ್’ ಬಿದ್ದರೆ, ಸತ್ತ ಮಗನ ಮುಂದೆ ಅಳುತ್ತಿದ್ದ ಹರಿಶ್ಚಂದ್ರನ ಹೆಂಡತಿ ಚಂದ್ರಮತಿ ಅದೇ ಹಾಡನ್ನು ಮತ್ತೆ ಹಾಡಿ ಅದೇ ದುಃಖಕ್ಕೆ ಮರಳಬೇಕು. ಎರಡನೇ ಸಲವೂ ಜನರ ಕಣ್ಣು ಒದ್ದೆಯಾಗಬೇಕು.

ಇಷ್ಟೇ ಅಲ್ಲ. ಬೆಳಿಗ್ಗೆ ತಾಲೀಮು, ಮಧ್ಯಾಹ್ನ ಪಡದೆ ಕಟ್ಟುವುದು, ಸಂಜೆ ಬಣ್ಣ, ರಾತ್ರಿ ಆಟ. ಕ್ಯಾಂಪು ಮುಗಿದರೆ ಸಾಮಾನು ಕಟ್ಟಿ ಮುಂದಿನ ಊರು. ಕಂಪನಿಯ ಹುಡುಗ ಎರಡು ಮೂರು ವರ್ಷದಲ್ಲಿ ಗ್ಯಾಸ್ ಲೈಟ್ ಹಚ್ಚುವುದರಿಂದ ಹಿಡಿದು ಗಲ್ಲಾಪೆಟ್ಟಿಗೆ ಎಣಿಸುವವರೆಗೆ ಎಲ್ಲ ನೋಡಿರುತ್ತಿದ್ದ. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಇಂದಿಗೂ ಕಂಪನಿಗಳು ಸಾಲಾಗಿ ಟೆಂಟು ಹಾಕುತ್ತವೆ. ಆ ದುಡಿಮೆಯ ಕ್ರಮ ಪೂರ್ತಿ ಅಳಿದಿಲ್ಲ.

ಈ ಶಾಲೆಯಿಂದ ಯಾರು ಬಂದರು ನೋಡಿ. ಹಿಂದೂಸ್ತಾನಿ ಗಾಯನದ ಮೇರು ಮಲ್ಲಿಕಾರ್ಜುನ ಮನ್ಸೂರರು ಎಳವೆಯಲ್ಲಿ ವಾಮನರಾವ್ ಮಾಸ್ತರರ ಕಂಪನಿಯಲ್ಲಿ ಬಣ್ಣ ಹಚ್ಚಿದವರು. ಬಸವರಾಜ ರಾಜಗುರು ಕೂಡ ಅದೇ ಕಂಪನಿಯ ರಂಗ ತುಳಿದವರು. ಅವರಿಬ್ಬರೂ ಸಂಗೀತ ಕಚೇರಿಯ ಕಡೆ ಹೊರಳಿದರು. ಇನ್ನು ಕೆಲವರು ಅಲ್ಲಿಂದಲೇ ಇನ್ನೊಂದು ಕಡೆ ಹೊರಳಿದರು. ಅಷ್ಟರಲ್ಲಿ ಸಿನಿಮಾ ಮಾತಾಡಲು ಶುರು ಮಾಡಿತ್ತು.

ಕೊಲ್ಹಾಪುರದಲ್ಲಿ ಬಾಯಿಬಿಟ್ಟ ಕನ್ನಡ ಸಿನಿಮಾ

1934ರ ಮಾರ್ಚ್ 3ರಂದು ಬೆಂಗಳೂರಿನಲ್ಲಿ ಬಿಡುಗಡೆಯಾದ ‘ಸತಿ ಸುಲೋಚನಾ’ ಕನ್ನಡದ ಮೊದಲ ವಾಕ್ಚಿತ್ರ. ಅದು ತಯಾರಾದದ್ದು ಮಾತ್ರ ಕೊಲ್ಹಾಪುರದ ಛತ್ರಪತಿ ಸ್ಟುಡಿಯೋದಲ್ಲಿ. ಕನ್ನಡ ನೆಲದಲ್ಲಿ ಆಗ ಮಾತಿನ ಚಿತ್ರಕ್ಕೆ ಬೇಕಾದ ಸ್ಟುಡಿಯೋ ಇರಲಿಲ್ಲ. ನಿರ್ಮಾಪಕ ಚಮನ್‌ಲಾಲ್ ಡೂಂಗಾಜಿ, ನಿರ್ದೇಶಕ ವೈ.ವಿ. ರಾವ್. ಸುಮಾರು 40,000 ರೂಪಾಯಿ ಖರ್ಚಿನಲ್ಲಿ ಚಿತ್ರ ಮುಗಿಯಿತು ಎಂದು ದಾಖಲಾಗಿದೆ. ಕನ್ನಡ ಸಿನಿಮಾದ ಮೊದಲ ಮಾತು ಮರಾಠಿ ನೆಲದಲ್ಲಿ ಧ್ವನಿಮುದ್ರಣವಾಯಿತು ಎಂಬುದನ್ನು ಗಡಿಯ ಎರಡೂ ಕಡೆಯವರು ಹೆಮ್ಮೆಯಿಂದ ನೆನೆಯಬೇಕು.

ಆ ಚಿತ್ರದಲ್ಲಿ ಇಂದ್ರಜಿತುವಾಗಿ ಎಂ.ವಿ. ಸುಬ್ಬಯ್ಯ ನಾಯ್ಡು, ಸುಲೋಚನೆಯಾಗಿ ತ್ರಿಪುರಾಂಬ. ರಾವಣನ ಪಾತ್ರ ಮಾಡಿ ಸಂಗೀತದ ಹೊಣೆಯನ್ನೂ ಹೊತ್ತವರು ಆರ್. ನಾಗೇಂದ್ರರಾಯರು. ನಾವು ಮಾತಾಡುತ್ತಿರುವ ದಾರಿಯನ್ನು ಪೂರ್ತಿಯಾಗಿ ನಡೆದು ತೋರಿಸಿದ ಕನ್ನಡದ ಮೊದಲಿಗರಲ್ಲಿ ಅವರೊಬ್ಬರು.

1896ರಲ್ಲಿ ಚಿತ್ರದುರ್ಗ ಸೀಮೆಯ ಹೊಳಲ್ಕೆರೆಯಲ್ಲಿ ಹುಟ್ಟಿದ ನಾಗೇಂದ್ರರಾಯರು ಚಿಕ್ಕಂದಿನಲ್ಲೇ ನಾಟಕದ ಕಂಪನಿ ಸೇರಿದರು. ಹಾಡು, ಪೇಟಿ, ಪಾರ್ಟು ಎಲ್ಲವನ್ನೂ ಅಲ್ಲೇ ಕಲಿತರು. ಸುಬ್ಬಯ್ಯ ನಾಯ್ಡು ಅವರೊಂದಿಗೆ ಸಾಹಿತ್ಯ ಸಾಮ್ರಾಜ್ಯ ನಾಟಕ ಮಂಡಳಿ ಕಟ್ಟಿದರು. ನಟರ ಕಂಪನಿಯೊಂದು ತನ್ನ ಸಂಗೀತ, ತನ್ನ ಶಿಸ್ತಿನ ಸಮೇತ ಸಿನಿಮಾಕ್ಕೆ ಕಾಲಿಟ್ಟಿತು.

ಮುಂದಿನ ಹೆಜ್ಜೆ ಇನ್ನೂ ಮುಖ್ಯ. 1943ರ ‘ಸತ್ಯ ಹರಿಶ್ಚಂದ್ರ’ವನ್ನು ನಿರ್ದೇಶಿಸಿದವರು ನಾಗೇಂದ್ರರಾಯರೇ. ನಿರ್ಮಾಣ ಎ.ವಿ. ಮೇಯಪ್ಪನ್ ಅವರದು. ಹರಿಶ್ಚಂದ್ರನಾಗಿ ಸುಬ್ಬಯ್ಯ ನಾಯ್ಡು. ರಂಗದ ಮೇಲೆ ನೂರಾರು ಸಲ ನುರಿತ ಕಥೆ ಅದು. ಯಾವ ಮಾತಿಗೆ ಜನ ಉಸಿರು ಬಿಗಿಹಿಡಿಯುತ್ತಾರೆ, ಯಾವ ಪದಕ್ಕೆ ಕರಗುತ್ತಾರೆ ಎಂಬುದು ಕಂಪನಿಯವರಿಗೆ ಬಾಯಿಪಾಠ. ಚಿತ್ರ ಗೆದ್ದಿತು. ಮೇಯಪ್ಪನ್ ಅದಕ್ಕೆ ತಮಿಳು ಮಾತು ಜೋಡಿಸಿ ಮರುವರ್ಷ ಬಿಡುಗಡೆ ಮಾಡಿದರು. ಭಾರತದಲ್ಲಿ ಒಂದು ಭಾಷೆಯಿಂದ ಇನ್ನೊಂದಕ್ಕೆ ಡಬ್ ಆದ ಮೊದಲ ಚಿತ್ರ ಎಂಬ ಹೆಸರು ಅದಕ್ಕಿದೆ. ತಮಿಳಿನ ಮಾತು ಕನ್ನಡದ ತುಟಿಗೆ ಕೂಡಬೇಕಾದರೆ ಲಯದ ಲೆಕ್ಕ ಗಟ್ಟಿಯಾಗಿರಬೇಕು. ಪಾತ್ರಧಾರಿಗಳ ಮಾತು ಮೊದಲೇ ತಾಳಕ್ಕೆ ಕೂತಿದ್ದುದು ಆ ಕೆಲಸಕ್ಕೆ ಒದಗಿರಬೇಕು.

ನಂತರ ‘ಮಹಾತ್ಮ ಕಬೀರ್’, 1953ರಲ್ಲಿ ‘ಜಾತಕ ಫಲ’, 1957ರಲ್ಲಿ ‘ಪ್ರೇಮದ ಪುತ್ರಿ’. ‘ಪ್ರೇಮದ ಪುತ್ರಿ’ಗೆ ಆ ವರ್ಷದ ಕನ್ನಡದ ಅತ್ಯುತ್ತಮ ಚಿತ್ರವೆಂದು ರಾಷ್ಟ್ರಪತಿಗಳ ಬೆಳ್ಳಿ ಪದಕ ಬಂತು. 1961ರಲ್ಲಿ ‘ವಿಜಯನಗರದ ವೀರಪುತ್ರ’. ಒಬ್ಬ ಮಗ ಆರ್.ಎನ್. ಜಯಗೋಪಾಲ್ ಗೀತೆ ಬರೆದರು, ಇನ್ನೊಬ್ಬ ಮಗ ಆರ್.ಎನ್.ಕೆ. ಪ್ರಸಾದ್ ಕ್ಯಾಮೆರಾ ಹಿಡಿದರು, ಮತ್ತೊಬ್ಬ ಮಗ ಆರ್.ಎನ್. ಸುದರ್ಶನ್ ನಾಯಕನಾದರು. ಕಂಪನಿಯ ಕ್ರಮವೇ ಮನೆಯ ಕ್ರಮವಾಗಿ ಮುಂದುವರಿಯಿತು. 1976ರಲ್ಲಿ ಪದ್ಮಶ್ರೀ ಪಡೆದ ನಾಗೇಂದ್ರರಾಯರು 1977ರಲ್ಲಿ ತೀರಿಕೊಂಡರು.

ಈ ಸಾಲಿನಲ್ಲಿ ಹೊನ್ನಪ್ಪ ಭಾಗವತರ ಹೆಸರನ್ನೂ ಹೇಳಲೇಬೇಕು. ನೆಲಮಂಗಲದ ಕಡೆಯ ಹಳ್ಳಿಯಿಂದ ಭಜನೆ ಹಾಡುತ್ತ ಬಂದ ಅವರು ರಂಗದಲ್ಲಿ, ತಮಿಳು ಕನ್ನಡ ಚಿತ್ರಗಳಲ್ಲಿ ಹಾಡುವ ನಾಯಕರಾದರು. 1955ರಲ್ಲಿ ತಾವೇ ‘ಮಹಾಕವಿ ಕಾಳಿದಾಸ’ ನಿರ್ಮಿಸಿ ಕಾಳಿದಾಸನಾದರು. ಬಿ. ಸರೋಜಾದೇವಿ ಬೆಳಕಿಗೆ ಬಂದದ್ದು ಆ ಚಿತ್ರದಿಂದ. 1959ರ ‘ಜಗಜ್ಯೋತಿ ಬಸವೇಶ್ವರ’ದಲ್ಲಿ ಬಸವಣ್ಣನಾದವರೂ ಅವರೇ. ಉಮರ್ಗಾದವರಿಗೆ ನೆರೆಯ ಊರಾದ ಕಲ್ಯಾಣದ ಕಥೆ ಬೆಳ್ಳಿತೆರೆಗೆ ಬಂದದ್ದು ಹೀಗೆ ಒಬ್ಬ ಹಾಡುಗಾರನ ಮೂಲಕ.

ಬೀಳಗಿಯಿಂದ ಮುಂಬೈಗೆ

ಗಂಡಸರ ದಾರಿ ಇದಾದರೆ ಹೆಂಗಸರ ದಾರಿ ಇನ್ನಷ್ಟು ಏರು. ಸಂಗೀತ ನಾಟಕದ ಮೊದಲ ದಶಕಗಳಲ್ಲಿ ಹೆಣ್ಣು ಪಾತ್ರಗಳನ್ನು ಹೆಚ್ಚಾಗಿ ಗಂಡಸರೇ ಮಾಡುತ್ತಿದ್ದರು. ಆ ಕಲೆಯ ತುದಿ ಮುಟ್ಟಿದವರು ಬಾಲಗಂಧರ್ವರು. 1935ರಲ್ಲಿ ವಿ. ಶಾಂತಾರಾಮ್ ಅವರನ್ನು ‘ಧರ್ಮಾತ್ಮಾ’ ಚಿತ್ರದಲ್ಲಿ ಸಂತ ಏಕನಾಥರನ್ನಾಗಿ ಮಾಡಿದರು. ಆದರೆ ಬಾಲಗಂಧರ್ವರ ಜೀವ ರಂಗದಲ್ಲಿತ್ತು. ಎದುರಿಗೆ ಕೂತು ತಲೆದೂಗುವ ಜನ ಇಲ್ಲದೆ, ತುಂಡು ತುಂಡಾಗಿ ಹಾಡಿಸುವ ಸಿನಿಮಾ ಅವರಿಗೆ ಒಗ್ಗಲಿಲ್ಲ. ಅವರು ನಾಟಕಕ್ಕೇ ಮರಳಿದರು. ಅವರ ನಾಟಕ ಮಂಡಳಿಯನ್ನು ಸೇರಿ ಅವರ ಜೊತೆ ರಂಗದ ಮೇಲೆ ನಿಂತ ಗಾಯಕನಟಿ ಗೋಹರಬಾಯಿ ಕರ್ನಾಟಕಿ, ಬೀಳಗಿಯವರು. ಅವರ ತಂಗಿಯೇ ಅಮೀರಬಾಯಿ ಕರ್ನಾಟಕಿ.

ಅಂದಿನ ವಿಜಾಪುರ ಜಿಲ್ಲೆಯ ಬೀಳಗಿಯಿಂದ ಹರೆಯದಲ್ಲೇ ಮುಂಬೈಗೆ ಹೋದ ಅಮೀರಬಾಯಿ 1930ರ ದಶಕದಲ್ಲಿ ಹಿಂದಿ ಚಿತ್ರಗಳಲ್ಲಿ ನಟಿಸುತ್ತ ಹಾಡುತ್ತ ಬಂದರು. ಅವರ ಹೆಸರು ದೇಶಕ್ಕೆಲ್ಲ ಹಬ್ಬಿದ್ದು 1943ರ ‘ಕಿಸ್ಮತ್’ನಿಂದ. ಬಾಂಬೆ ಟಾಕೀಸಿನ ಆ ಚಿತ್ರಕ್ಕೆ ಅನಿಲ್ ಬಿಸ್ವಾಸ್ ಸಂಗೀತ. ಕಲ್ಕತ್ತದ ರಾಕ್ಸಿ ಥಿಯೇಟರಿನಲ್ಲಿ ಅದು ಮೂರು ವರ್ಷಕ್ಕೂ ಹೆಚ್ಚು ಓಡಿತು. ಅದರ ಹಾಡುಗಳಲ್ಲಿ ಅಮೀರಬಾಯಿಯ ದನಿ ಊರೂರಿನ ಗ್ರಾಮೋಫೋನಿಗೆ ಏರಿತು. ಗುಜರಾತಿನ ‘ರಾಣಕದೇವಿ’ಗೂ ಅವರು ಹಾಡಿದರು. 1948ರ ‘ಶಹನಾಜ್’ ಚಿತ್ರಕ್ಕೆ ಸಂಗೀತ ನಿರ್ದೇಶನ ಮಾಡಿದರು. ಹೆಣ್ಣುಮಕ್ಕಳು ಆ ಕುರ್ಚಿಯಲ್ಲಿ ಕೂರುವುದು ತೀರ ಅಪರೂಪವಾಗಿದ್ದ ಕಾಲ ಅದು. ಗಳಿಸಿದ್ದನ್ನು ತವರಿನ ಕಡೆಗೂ ತಂದರು. ವಿಜಾಪುರದಲ್ಲಿ ಅಮೀರ್ ಟಾಕೀಸ್ ಅವರು ಕಟ್ಟಿಸಿದ ಚಿತ್ರಮಂದಿರ. ಹಾಡಿದವರು, ನಟಿಸಿದವರು, ಸಂಗೀತ ನಿರ್ದೇಶಿಸಿದವರು ಕೊನೆಗೆ ಚಿತ್ರ ತೋರಿಸುವ ಮನೆಯನ್ನೂ ಕಟ್ಟಿದರು. 1965ರಲ್ಲಿ ಅವರು ತೀರಿಕೊಂಡರು. ರಹಮತ್ ತರೀಕೆರೆಯವರು ಬರೆದ ಜೀವನಚರಿತ್ರೆ ಅವರನ್ನು ಕನ್ನಡಿಗರಿಗೆ ಮತ್ತೆ ತಂದುಕೊಟ್ಟಿತು.

ಅಮೀರಬಾಯಿಯ ಬದುಕಿನ ನಡುವೆಯೇ ಒಂದು ದೊಡ್ಡ ಬದಲಾವಣೆ ನಡೆಯಿತು. ಮಾತಿನ ಚಿತ್ರ ಶುರುವಾದಾಗ ನಟರು ಕ್ಯಾಮೆರಾದ ಮುಂದೆ ನಿಂತೇ ಹಾಡಬೇಕಿತ್ತು. ಮೈಕು ಚೌಕಟ್ಟಿಗೆ ಬೀಳದ ಹಾಗೆ ಮೇಲೆ, ವಾದ್ಯದವರು ಕಣ್ಣಿಗೆ ಬೀಳದ ಹಾಗೆ ಬದಿಗೆ. ಹಾಡು ತಪ್ಪಿದರೆ ಇಡೀ ಶಾಟ್ ಮತ್ತೆ. ಹೀಗಾಗಿ ಆ ಕಾಲದ ತಾರೆಯರೆಲ್ಲ ಹಾಡುಗಾರರೇ. 1935ರಲ್ಲಿ ಕಲ್ಕತ್ತದಲ್ಲಿ ನಿತಿನ್ ಬೋಸರ ‘ಧೂಪ್ ಛಾಂವ್’ ಚಿತ್ರದಿಂದ ಹಿನ್ನೆಲೆ ಗಾಯನ ಬೇರೂರಿತು. ಮೊದಲು ಹಾಡನ್ನು ಮುದ್ರಿಸಿಕೊಂಡು ಆಮೇಲೆ ಅದಕ್ಕೆ ತುಟಿ ಆಡಿಸುವುದು. ಹದಿನೈದು ವರ್ಷಗಳಲ್ಲಿ ಹಾಡುವವರು ಬೇರೆ, ನಟಿಸುವವರು ಬೇರೆ ಎಂದಾಯಿತು. ಅನುಕೂಲ ಬಹಳ ಆಯಿತು, ನಿಜ. ಆದರೆ ಕಿರ್ಲೋಸ್ಕರರು ಒಂದೇ ದೇಹದಲ್ಲಿ ಕೂಡಿಸಿದ್ದನ್ನು ಯಂತ್ರ ಎರಡಾಗಿ ಸೀಳಿತು. ಹಾಡು, ನಟನೆ, ನಿರ್ದೇಶನ ಮೂರು ಬೇರೆ ಬೇರೆ ಕಸುಬು ಎಂದು ನಾವು ಇಂದು ತಿಳಿದಿರುವುದು ಇಲ್ಲಿಂದ ಬಂದ ತಿಳಿವಳಿಕೆ. ಅದಕ್ಕೆ ನೂರು ವರ್ಷವೂ ತುಂಬಿಲ್ಲ.

ಹಾಡು, ನಾಟಕ, ಸಿನಿಮಾ ಒಂದೇ ಮನೆಯವು ಎಂಬುದನ್ನು ಮುಂಬೈಯ ರಾಯಲ್ ಒಪೆರಾ ಹೌಸಿನ ಕಥೆಯೂ ಹೇಳುತ್ತದೆ. 1911ರಲ್ಲಿ ಐದನೇ ಜಾರ್ಜ್ ದೊರೆ ಉದ್ಘಾಟಿಸಿದ ಕಟ್ಟಡ. ಒಪೆರಾಕ್ಕೆಂದು ಕಟ್ಟಿದ ಆ ರಂಗದಲ್ಲಿ ಬಾಲಗಂಧರ್ವರೂ ದೀನಾನಾಥ ಮಂಗೇಶಕರರೂ ಹಾಡಿದರು. ಮುಂದೆ ಅದು ಸಿನಿಮಾ ಮಂದಿರವಾಯಿತು. 1993ರಲ್ಲಿ ಬಾಗಿಲು ಮುಚ್ಚಿತು. ದುರಸ್ತಿಯಾಗಿ 2016ರಲ್ಲಿ ಮತ್ತೆ ತೆರೆದಾಗ ಅಲ್ಲಿ ಹಾಡು, ನಾಟಕ, ಸಿನಿಮಾ ಮೂರಕ್ಕೂ ಜಾಗ ಸಿಕ್ಕಿತು.

ದುಡಿಯ ದನಿ

ಯಂತ್ರ ಸೀಳಿದ್ದನ್ನು ಮತ್ತೆ ಒಂದುಗೂಡಿಸಿದವರು ಬಿ.ವಿ. ಕಾರಂತರು. 1929ರಲ್ಲಿ ಬಂಟ್ವಾಳ ತಾಲ್ಲೂಕಿನ ಮಂಚಿಯಲ್ಲಿ ಹುಟ್ಟಿದ ಅವರು ಹುಡುಗರಾಗಿದ್ದಾಗಲೇ ಮನೆ ಬಿಟ್ಟು ಗುಬ್ಬಿ ವೀರಣ್ಣನವರ ಕಂಪನಿ ಸೇರಿದರು. ಹುಡುಗನ ಓದಿನ ಹಂಬಲ ಕಂಡ ವೀರಣ್ಣನವರು ಅವರನ್ನು ಬನಾರಸ್ಸಿಗೆ ಓದಲು ಕಳಿಸಿದರು. ಅಲ್ಲಿ ಹಿಂದಿ ಎಂ.ಎ. ಜೊತೆಗೆ ಓಂಕಾರನಾಥ ಠಾಕೂರರ ಬಳಿ ಹಿಂದೂಸ್ತಾನಿ ಸಂಗೀತ. ಆಮೇಲೆ ದೆಹಲಿಯ ರಾಷ್ಟ್ರೀಯ ನಾಟಕ ಶಾಲೆಯಲ್ಲಿ ಅಲ್ಕಾಜಿಯವರ ಕೈಯಲ್ಲಿ ರಂಗಶಿಕ್ಷಣ. ಕಂಪನಿಯ ಪೇಟಿ, ಬನಾರಸಿನ ತಂಬೂರಿ, ದೆಹಲಿಯ ಆಧುನಿಕ ರಂಗ, ಹುಟ್ಟೂರಿನ ಭಾಗವತರ ಜಾಗಟೆ ನಾಲ್ಕೂ ಅವರಲ್ಲಿ ಸೇರಿದವು.

1970ರ ದಶಕದಲ್ಲಿ ಕಾರಂತರು ನಿರ್ದೇಶಿಸಿದ ‘ಹಯವದನ’, ‘ಜೋಕುಮಾರಸ್ವಾಮಿ’, ‘ಸತ್ತವರ ನೆರಳು’ ನೋಡಿದವರು ಇಂದಿಗೂ ಮೊದಲು ನೆನೆಯುವುದು ಅವುಗಳ ಹಾಡನ್ನು. ಪಾತ್ರಧಾರಿಗಳೇ ಹಾಡಿದರು, ಮೇಳ ರಂಗದ ಮೇಲೆಯೇ ಕೂತಿತು. ಶುದ್ಧ ಒಪೆರಾಕ್ಕೆ ಹತ್ತಿರದ ಕೃತಿಗಳನ್ನು ಕನ್ನಡದಲ್ಲಿ ಬರೆದವರು ಪು.ತಿ. ನರಸಿಂಹಾಚಾರ್. ಅವರ ‘ಹಂಸ ದಮಯಂತಿ ಮತ್ತು ಇತರ ರೂಪಕಗಳು’ 1966ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆಯಿತು. ಅವರ ‘ಗೋಕುಲ ನಿರ್ಗಮನ’ವನ್ನು ಪ್ರೇಕ್ಷಕರು ಮರೆಯದಂಥ ಹಾಡುನಾಟಕವಾಗಿ ರಂಗಕ್ಕೆ ತಂದವರು ಕಾರಂತರೇ.

ಈ ಗಾಯಕ ಕ್ಯಾಮೆರಾದ ಹಿಂದೆ ನಿಂತಾಗ ಏನಾಯಿತು? ಗಿರೀಶ ಕಾರ್ನಾಡರ ಜೊತೆ ‘ವಂಶವೃಕ್ಷ’ ನಿರ್ದೇಶಿಸಿದ ಮೇಲೆ 1975ರಲ್ಲಿ ಅವರು ಶಿವರಾಮ ಕಾರಂತರ ಕಾದಂಬರಿಯನ್ನು ಆಧರಿಸಿ ‘ಚೋಮನ ದುಡಿ’ ಮಾಡಿದರು. ಅದು ದೇಶದ ಅತ್ಯುತ್ತಮ ಚಿತ್ರವೆಂದು ಸ್ವರ್ಣ ಕಮಲ ಪಡೆಯಿತು. ಚೋಮನಾಗಿ ನಟಿಸಿದ ಎಂ.ವಿ. ವಾಸುದೇವರಾವ್ ಅತ್ಯುತ್ತಮ ನಟರಾದರು. ಆ ಚಿತ್ರವನ್ನು ಕಿವಿಗೊಟ್ಟು ನೋಡಬೇಕು. ಚೋಮ ಹೆಚ್ಚು ಮಾತಿನವನಲ್ಲ. ಸಿಟ್ಟು ಬಂದರೆ, ಸಾಲ ಕಾಡಿದರೆ, ಮಕ್ಕಳು ಕೈತಪ್ಪಿದರೆ ಅವನು ದುಡಿಗೆ ಕೈಹಾಕುತ್ತಾನೆ. ಬೇಸಾಯ ಮಾಡಬೇಕೆಂಬ ಆಸೆಯನ್ನು ಊರು ತುಳಿದುಹಾಕಿದಾಗಲೂ ದುಡಿಯೇ ಮಾತಾಡುತ್ತದೆ. ಅದರ ಗತಿ ಏರಿದಾಗ ಸಿಟ್ಟು ಏರುತ್ತದೆ, ಬೆರಳು ತಡವರಿಸಿದಾಗ ಮನುಷ್ಯ ಕುಸಿಯುತ್ತಾನೆ. ಬೇರೆ ನಿರ್ದೇಶಕನಾಗಿದ್ದರೆ ಇಲ್ಲಿ ಮಾತು ಬರೆಯಿಸುತ್ತಿದ್ದ, ಇಲ್ಲವೇ ಪಿಟೀಲು ತುಂಬಿಸುತ್ತಿದ್ದ. ಕಾರಂತರು ಕಥೆಯೊಳಗಿನ ಒಂದೇ ಚರ್ಮವಾದ್ಯಕ್ಕೆ ಇಡೀ ಚಿತ್ರದ ದುಃಖವನ್ನು ಹೊರಿಸಿದರು. ಭಾಗವತರು ಜಾಗಟೆಯಿಂದ ಆಟ ನಡೆಸುವ ಹಾಗೆ ಅವರು ದುಡಿಯಿಂದ ಚಿತ್ರ ನಡೆಸಿದರು. ಶ್ರುತಿಲಯದಲ್ಲಿ ಬೆಳೆದವನಿಗೆ ಮಾತ್ರ ಇಂಥ ಧೈರ್ಯ ಬರುತ್ತದೆ ಎಂದು ನಾನು ನಂಬುತ್ತೇನೆ.

‘ಋಷ್ಯಶೃಂಗ’, ‘ಘಟಶ್ರಾದ್ಧ’ ಚಿತ್ರಗಳ ಸಂಗೀತಕ್ಕೆ ಅವರಿಗೆ ರಾಷ್ಟ್ರ ಪ್ರಶಸ್ತಿ ಬಂತು. ರಾಷ್ಟ್ರೀಯ ನಾಟಕ ಶಾಲೆಯ ನಿರ್ದೇಶಕರಾದರು, ಭೋಪಾಲದ ಭಾರತ ಭವನದ ರಂಗಮಂಡಲ ಕಟ್ಟಿದರು, 1989ರಲ್ಲಿ ಮೈಸೂರಿನಲ್ಲಿ ರಂಗಾಯಣ ಶುರುಮಾಡಿದರು. ಪತ್ನಿ ಪ್ರೇಮಾ ಕಾರಂತರು ರಂಗದಿಂದಲೇ ಬಂದು 1983ರಲ್ಲಿ ‘ಫಣಿಯಮ್ಮ’ ನಿರ್ದೇಶಿಸಿದರು. 2002ರಲ್ಲಿ ಕಾರಂತರು ತೀರಿಕೊಂಡಾಗ ಅವರ ಶಿಷ್ಯರು ದೇಶದ ಹಲವು ಭಾಷೆಗಳ ರಂಗಭೂಮಿಯಲ್ಲಿ ದುಡಿಯುತ್ತಿದ್ದರು.

ಗಡಿಯ ಕಿವಿ

ಈಗ ಉಮರ್ಗಾ, ನಿಲಂಗಾ, ಉದಗೀರಕ್ಕೆ ಮರಳೋಣ. ಮೇಲೆ ಹೇಳಿದ ಕಲಾವಿದರಲ್ಲಿ ಯಾರೂ ಈ ಊರುಗಳವರಲ್ಲ. ಆದರೆ ಅವರೆಲ್ಲರಿಗೂ ದಾರಿ ತೋರಿದ ಬಂಡವಾಳ ಇಲ್ಲಿಯ ಮಕ್ಕಳ ಬಳಿ ಹುಟ್ಟಿನಿಂದಲೇ ಇದೆ. ಒಂದಕ್ಕಿಂತ ಹೆಚ್ಚು ಭಾಷೆಗೆ ಪಳಗಿದ ಕಿವಿಯೇ ಆ ಬಂಡವಾಳ.

ಇದಕ್ಕೆ ಸಾಕ್ಷಿ ದೂರ ಹುಡುಕಬೇಕಿಲ್ಲ. ಹುಮನಾಬಾದಿನ ಬಳಿಯ ಮಾಣಿಕನಗರದ ಮಾಣಿಕಪ್ರಭುಗಳು 1817ರಲ್ಲಿ ಬಸವಕಲ್ಯಾಣದ ಹತ್ತಿರದ ಲಾಡವಂತಿಯಲ್ಲಿ ಹುಟ್ಟಿದವರು. ಮರಾಠಿ, ಕನ್ನಡ, ಹಿಂದಿ, ಸಂಸ್ಕೃತಗಳಲ್ಲಿ ಪದ ಕಟ್ಟಿದರು. ಅವರ ಸಂಸ್ಥಾನದ ದತ್ತ ಜಯಂತಿಯ ದರಬಾರಿಗೆ ಸಂಗೀತಗಾರರು ಬಂದು ಹಾಡುವುದು ತಲೆಮಾರುಗಳಿಂದ ನಡೆದುಬಂದ ಕ್ರಮ. ಒಂದೇ ರಾತ್ರಿ, ಒಂದೇ ಮಂಟಪದಲ್ಲಿ ಅಭಂಗ, ವಚನ, ಕವ್ವಾಲಿ ಮೂರನ್ನೂ ತಮ್ಮದೆಂದು ಕೇಳುವ ಜನ ಈ ಸೀಮೆಯವರು. ಮೊಹರಂ ಬಂದರೆ ರಿವಾಯತು, ಶ್ರಾವಣ ಬಂದರೆ ತತ್ವಪದ, ಆಷಾಢ ಬಂದರೆ ಪಂಢರಪುರದ ದಿಂಡಿ.

ಅಮೀರಬಾಯಿ ಮುಂಬೈಯಲ್ಲಿ ಹಿಂದಿಗೂ ಗುಜರಾತಿಗೂ ಸಲೀಸಾಗಿ ಹಾಡಿದ್ದರ ಹಿಂದೆ, ನಾಗೇಂದ್ರರಾಯರ ತಂಡ ಕೊಲ್ಹಾಪುರದಲ್ಲಿ ಪರದೇಶಿಯಾಗದೆ ದುಡಿದದ್ದರ ಹಿಂದೆ, ಕಾರಂತರು ಭೋಪಾಲದಲ್ಲಿ ಅಲ್ಲಿಯ ಹಳ್ಳಿಯ ಮಾತಿನಲ್ಲಿ ನಾಟಕ ಕಟ್ಟಿದ್ದರ ಹಿಂದೆ ಇಂಥದೇ ಕಿವಿ ಇತ್ತು. ಗಡಿಯಲ್ಲಿ ಬೆಳೆಯುವವರು ಸಾಮಾನ್ಯವಾಗಿ ಎರಡೂ ಕಡೆಯಿಂದ ಕೇಳುವುದು ಒಂದೇ ಮಾತು: ನಿಮ್ಮ ಕನ್ನಡ ಶುದ್ಧವಿಲ್ಲ, ನಿಮ್ಮ ಮರಾಠಿ ಶುದ್ಧವಿಲ್ಲ. ರಂಗಕ್ಕೆ, ಸಿನಿಮಾಕ್ಕೆ ಬೇಕಾಗುವುದು ಆ ಶುದ್ಧಿಯಲ್ಲ. ಒಬ್ಬ ಮುದುಕಿ ಮೊಮ್ಮಗನ ಜೊತೆ ಒಂದು ಬಗೆಯಲ್ಲಿ, ತಲಾಠಿಯ ಎದುರು ಇನ್ನೊಂದು ಬಗೆಯಲ್ಲಿ, ತರಕಾರಿ ಸಂತೆಯಲ್ಲಿ ಮತ್ತೊಂದು ಬಗೆಯಲ್ಲಿ ಮಾತಾಡುವುದನ್ನು ಗುರುತಿಸುವ ಕಿವಿ ಬೇಕು. ಆ ಕಿವಿಯನ್ನು ಯಾವ ಸಿನಿಮಾ ಶಾಲೆಯೂ ಎರಡು ವರ್ಷದಲ್ಲಿ ಕೊಡಲಾರದು.

ಇಲ್ಲದಿರುವುದು ತಾಲೀಮು. ಕ್ಯಾಮೆರಾ ಈಗ ಎಲ್ಲರ ಜೇಬಿನಲ್ಲಿದೆ. ಕೊಲ್ಹಾಪುರಕ್ಕೆ ಹೋಗಬೇಕಿಲ್ಲ, 40,000 ರೂಪಾಯಿ ಹೂಡುವ ಸೇಠಜಿ ಬೇಕಿಲ್ಲ. ಇದು ದೊಡ್ಡ ಅನುಕೂಲ, ದೊಡ್ಡ ಅಪಾಯವೂ ಹೌದು. ದಾರಿಯ ಮೂರನೇ ಮೆಟ್ಟಿಲು ಸುಲಭವಾಗಿ ಸಿಕ್ಕಿದ್ದರಿಂದ ಮೊದಲ ಎರಡನ್ನು ಹತ್ತದೆಯೇ ಅಲ್ಲಿಗೆ ಹಾರಲು ಮಕ್ಕಳು ಹೊರಡುತ್ತಾರೆ. ‘ಸತಿ ಸುಲೋಚನಾ’ ಬಿಡುಗಡೆಯಾದಾಗ ನಾಗೇಂದ್ರರಾಯರ ವಯಸ್ಸು ಮೂವತ್ತೇಳು ದಾಟಿತ್ತು. ಕಾರಂತರು ಮೊದಲ ಚಿತ್ರ ನಿರ್ದೇಶಿಸಿದಾಗ ನಲವತ್ತು ದಾಟಿತ್ತು. ಅದಕ್ಕೆ ಮೊದಲಿನ ವರ್ಷಗಳೆಲ್ಲ ಹಾಡಿನಲ್ಲಿ, ಬಣ್ಣದಲ್ಲಿ ಕಳೆದವು. ಅವರ ಚಿತ್ರಗಳಲ್ಲಿ ನಿಂತದ್ದು ಆ ವರ್ಷಗಳ ಗಳಿಕೆ.

ಆದ್ದರಿಂದ ಈ ಊರುಗಳ ಮಠಗಳಿಗೆ, ಶಾಲೆಗಳಿಗೆ, ಜಾತ್ರಾ ಸಮಿತಿಗಳಿಗೆ ಹೇಳಬೇಕಾದದ್ದು ಸರಳವಾಗಿದೆ. ಜಾತ್ರೆಗೆ ಡಿಜೆ ಕರೆಸುವ ಹಣದಲ್ಲಿ ಒಂದು ಭಾಗವನ್ನು ಒಬ್ಬ ಪೇಟಿ ಮಾಸ್ತರರಿಗೆ ಕೊಡಿ. ವರ್ಷಕ್ಕೊಂದು ಹಾಡಿನ ನಾಟಕವನ್ನು ಊರಿನ ಮಕ್ಕಳಿಂದಲೇ, ಅವರು ಮನೆಯಲ್ಲಿ ಆಡುವ ಕನ್ನಡದಲ್ಲಿ, ಸಂತೆಯ ದಖನಿಯನ್ನೂ ಶಾಲೆಯ ಮರಾಠಿಯನ್ನೂ ಬೆರೆಸಿಯೇ ಆಡಿಸಿ. ಹಳೆಯ ಭಜನೆ, ತತ್ವಪದ, ರಿವಾಯತು ಬಲ್ಲ ಹಿರಿಯರನ್ನು ಗುರುಗಳಾಗಿ ಕೂರಿಸಿ. ಆಡಿದ್ದನ್ನು ಮಕ್ಕಳೇ ಚಿತ್ರೀಕರಿಸಲಿ, ಮಕ್ಕಳೇ ಕತ್ತರಿಸಿ ಜೋಡಿಸಲಿ. ಎಲ್ಲಿ ಎಳೆಯಬೇಕು, ಎಲ್ಲಿ ನಿಲ್ಲಿಸಬೇಕು ಎಂಬುದನ್ನು ಹಾಡಿ ಕಲಿತ ಮಗುವಿಗೆ ಎಡಿಟಿಂಗ್ ಮೇಜಿನಲ್ಲಿ ಯಾರೂ ಮತ್ತೆ ಹೇಳಿಕೊಡಬೇಕಾಗುವುದಿಲ್ಲ.

ಕರ್ಕಿಯ ಮೇಳ ಸಾಂಗ್ಲಿಗೆ ಹೊರಟಾಗ ಭಾಷೆ ತಿಳಿಯದ ಊರಿನಲ್ಲಿ ಆಟ ಆಡುವುದು ಹೇಗೆ ಎಂದು ಹಿಂಜರಿದಿದ್ದರೆ ಇಷ್ಟೆಲ್ಲ ನಡೆಯುತ್ತಿರಲಿಲ್ಲ. ಉಮರ್ಗಾದ ಮಗುವಿಗೆ ಆ ಹಿಂಜರಿಕೆಗೆ ಕಾರಣವೇ ಇಲ್ಲ, ಅದಕ್ಕೆ ಎರಡೂ ಊರಿನ ಮಾತು ಬರುತ್ತದೆ. ಹಾಡು ಕಲಿಯುತ್ತೇನೆ, ನಾಟಕ ಮಾಡುತ್ತೇನೆ, ಸಿನಿಮಾ ಮಾಡುತ್ತೇನೆ ಎಂದು ಮನೆಯ ಹುಡುಗಿ ಹೇಳಿದರೆ ಯಾವುದಾದರೂ ಒಂದನ್ನು ಆರಿಸು ಎನ್ನಬೇಡಿ. ಹಾಡಿನಿಂದ ಶುರು ಮಾಡು ಎನ್ನಿ. ನಾಳೆಯಿಂದ ಬೆಳಿಗ್ಗೆ ಶ್ರುತಿ ಹಿಡಿದು ಕೂರಲು ಒಂದು ಜಾಗ ಮಾಡಿಕೊಡಿ.